ಬೋರ್ಡು ನೋಡಿದ ಅಪರಾಧ

ಏಳನೇ ತರಗತಿಯ ವೈಷ್ಣವಿ ಮನೆಯಿಂದ ತಂದಿದ್ದ ಎರಡು ಕನ್ನಡಿಗಳನ್ನು ಹೆಡ್‌ಮಾಸ್ಟರ್ ಗುರುಶಾಂತಪ್ಪನವರು ಸೋಮವಾರ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ನೆಲಕ್ಕೆ ಬಡಿದು ಒಡೆದರು. ಚೂರುಗಳನ್ನು ಅವಳ ಕೈಯಿಂದಲೇ ಹೆಕ್ಕಿಸಿದರು.

ಮರ್ಫಿ ಟೌನಿನ ಆ ಶಾಲೆಯಲ್ಲಿ ಏಳನೇ ತರಗತಿಯ ಪಾಠ ನಡೆಯುತ್ತಿದ್ದದ್ದು ಮೆಟ್ಟಿಲ ಮೇಲೆ. ಕೋಣೆ ಇರಲಿಲ್ಲವೆಂದಲ್ಲ. ಇಂದಿರಾನಗರದ ಕಂಪನಿಯೊಂದು ದಾನ ಕೊಟ್ಟ ಸ್ಮಾರ್ಟ್ ಬೋರ್ಡು ಯಾವ ಕೋಣೆಯ ಬಾಗಿಲಲ್ಲೂ ಹಿಡಿಸಲಿಲ್ಲ. ಅಡ್ಡ ಹಿಡಿದರು, ಉದ್ದ ಹಿಡಿದರು, ಬಾಗಿಲಿಗೊಂದು ತೆಂಗಿನಕಾಯಿಯನ್ನೂ ಒಡೆದರು. ಕೊನೆಗೆ ಮಹಡಿಯ ಮೆಟ್ಟಿಲು ಮುಗಿಯುವಲ್ಲಿದ್ದ ಗೋಡೆಗೆ ಅದನ್ನು ಬಿಗಿದರು. ಬೋರ್ಡು ಎಲ್ಲಿಯೋ ಮಕ್ಕಳು ಅಲ್ಲಿ. ಅದೇ ವಾರ ಕಂಪನಿಯ ತರಬೇತಿಗೆ ಹೋದ ಗುರುಶಾಂತಪ್ಪನವರ ಕೈಗೆ ಒಂದು ಚಿತ್ರಪಟ ಬಂತು. ಕಲಿಕೆಗೆ ಆರು ಹಂತವಂತೆ: ಬುಡದಲ್ಲಿ ನೆನಪು, ಆಮೇಲೆ ಅರ್ಥ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ತುತ್ತತುದಿಯಲ್ಲಿ ಸೃಷ್ಟಿ. ಚಿತ್ರದಲ್ಲೂ ಮೆಟ್ಟಿಲು, ಶಾಲೆಯಲ್ಲೂ ಮೆಟ್ಟಿಲು. ಅವರಿಗೆ ದೇವರೇ ಕಣ್ಣು ಬಿಟ್ಟಂತಾಯಿತು. ಮಾರನೆಯ ದಿನವೇ ಪೇಂಟರು ಬಂದು ಒಂದೊಂದು ಮೆಟ್ಟಿಲ ಮೇಲೂ ಒಂದೊಂದು ಹೆಸರು ಬರೆದು ಹೋದ.

ಯಾರಿಗೆ ಯಾವ ಮೆಟ್ಟಿಲು ಎಂಬುದನ್ನು ಬೋರ್ಡಿನ ಜೊತೆಗೇ ಕಂಪನಿ ಕೊಟ್ಟಿದ್ದ ಟ್ಯಾಬ್ ಹೇಳುತ್ತಿತ್ತು. ಮನೆಯಲ್ಲಿ ಕಂಪನಿಯ ವೀಡಿಯೊ ನೋಡಿದವರಿಗೆ ಅಂಕ. ಬೋರ್ಡಿನ ಪ್ರಶ್ನೆಗೆ ಉತ್ತರಿಸಿದವರಿಗೆ ಅಂಕ. ದೊಡ್ಡ ಫೋನಿನವರ ಮಕ್ಕಳು ಸರಸರನೆ ಮೇಲೇರಿದರು. ಬಟನ್ ಫೋನಿನವರ ಮಕ್ಕಳು ಕೆಳಗುಳಿದರು. ಕೆಳಗಿದ್ದವರಿಗೆ ಬೋರ್ಡು ಕಾಣುತ್ತಿರಲಿಲ್ಲ, ಮುಂದಿನವರ ಬೆನ್ನು ಕಾಣುತ್ತಿತ್ತು. ಕಾಣದ ಪ್ರಶ್ನೆಗೆ ಉತ್ತರ ಹೇಳಲಿಲ್ಲವೆಂದು ಟ್ಯಾಬ್ ಅವರನ್ನು ನೆನಪಿನ ಮೆಟ್ಟಿಲಲ್ಲೇ ಕಾಯಂ ಮಾಡಿತು. ಈ ದೇಶಕ್ಕೆ ಮೆಟ್ಟಿಲು ಕಟ್ಟುವುದನ್ನು ಯಾವ ಕಂಪನಿಯೂ ಹೇಳಿಕೊಡಬೇಕಾಗಿರಲಿಲ್ಲ. ಪೇಂಟು ಮಾತ್ರ ಹೊಸದು.

ಜವಾನ ಮುತ್ತಣ್ಣನಿಗೆ ಟ್ಯಾಬ್ ಯಾವ ಹಂತವನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಅವನು ಮೆಟ್ಟಿಲು ತುಳಿಯುವಂತಿರಲಿಲ್ಲ. ಮಹಡಿಯ ಕಚೇರಿಗೆ ಹೋಗಬೇಕಾದ ಚಹಾ ನೆನಪಿನಿಂದ ಅರ್ಥಕ್ಕೆ, ಅರ್ಥದಿಂದ ಅನ್ವಯಕ್ಕೆ ಕೈದಾಟಿ, ಸೃಷ್ಟಿ ಮುಟ್ಟುವಷ್ಟರಲ್ಲಿ ಬರೀ ಲೋಟವಾಗಿರುತ್ತಿತ್ತು.

“ಚಹಾ ಎಲ್ಲಿ ಹೋತೋ ಮುತ್ತಣ್ಣಾ?” ಎಂದು ಗುರುಶಾಂತಪ್ಪನವರು ಮೇಲಿಂದ ಗರ್ಜಿಸಿದರೆ, “ಅನ್ವಯದವ್ರು ಕುಡ್ಕೊಂಬಿಟ್ರು ಸಾರ್!” ಎಂದು ಅವನು ಕೆಳಗಿಂದ ಕೂಗುತ್ತಿದ್ದ.

ವಿಜ್ಞಾನದ ನಾಗರತ್ನಾ ಮಿಸ್ ಇದನ್ನೆಲ್ಲ ನುಂಗಿಕೊಂಡಿದ್ದರು. ಗುತ್ತಿಗೆಯ ಕೆಲಸ, ಬಾಯಿಗೂ ಗುತ್ತಿಗೆಯೇ. ಹೋದ ವಾರ ಅವರು ಗೋಡೆಗೆ ಒರಗಿ ಬೆಳಕಿನ ಪ್ರತಿಫಲನದ ಪಾಠ ಮಾಡುತ್ತಿದ್ದಾಗ ಕೆಳಗಿನಿಂದ ವೈಷ್ಣವಿ ಕೈ ಎತ್ತಿದ್ದಳು.

“ಮಿಸ್, ಬೆಳಕು ತಿರುಗುತ್ತೆ ಅಂದ್ರಲ್ಲ, ಮೆಟ್ಲಿಳಿದು ನಮ್ ಹತ್ರಾನೂ ಬರುತ್ತಾ?”

“ದಾರಿ ಮಾಡ್ಕೊಟ್ರೆ ಯಾಕಮ್ಮ ಬರಲ್ಲ?” ಎಂದಿದ್ದರು ನಾಗರತ್ನಾ, ಗಡಿಯಾರ ನೋಡುತ್ತಾ.

ಶನಿವಾರ ಹುಡುಗಿ ದಾರಿ ಮಾಡಿಕೊಂಡು ಬಂದಳು. ಪೊರಕೆಯ ಕೋಲಿನ ತುದಿಗೆ ಅಪ್ಪ ಗಡ್ಡ ಹೆರೆಯುವ ಕನ್ನಡಿ, ಬುಡಕ್ಕೆ ಅಮ್ಮ ಕುಂಕುಮ ಇಟ್ಟುಕೊಳ್ಳುವ ಕನ್ನಡಿ, ಎರಡನ್ನೂ ಓರೆಯಾಗಿ ಕಟ್ಟಿದ್ದಳು. ಕೋಲು ಎತ್ತಿ ಹಿಡಿದರೆ ಎಲ್ಲರ ತಲೆ ದಾಟಿ ಬಂದ ಬೋರ್ಡು ಅವಳ ಮಡಿಲಲ್ಲಿ ಬಂದು ಕೂರುತ್ತಿತ್ತು. ನೆನಪಿನ ಮೆಟ್ಟಿಲಿನವರೆಲ್ಲ ಅದರ ಮೇಲೆ ಬಗ್ಗಿ, ಅವತ್ತಿನ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಹೇಳಿಬಿಟ್ಟರು. ಟ್ಯಾಬ್ ಕೆಂಪಗಾಯಿತು. ಆಮೇಲೆ ಕೂಗಿಕೊಳ್ಳತೊಡಗಿತು.

ಅದರ ಕೂಗು ಅಡಗಿಸಲೆಂದೇ ಸೋಮವಾರ ಕಂಪನಿಯ ಕಶ್ಯಪ್ ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡು ಬಂದಿದ್ದ. ಮಕ್ಕಳ ನಡುವೆ ಕಾಲೂರಲು ಜಾಗ ಹುಡುಕುತ್ತಾ ಸೃಷ್ಟಿಯ ಮೆಟ್ಟಿಲವರೆಗೆ ಹತ್ತಿ, ಅಲ್ಲಿ ನಿಂತಿದ್ದ ಗುರುಶಾಂತಪ್ಪನವರ ಪಕ್ಕ ನಿಂತ.

“ಮ್ಯಾಮ್, ನೆನಪಿನಲ್ಲಿರೋ ಸ್ಟೂಡೆಂಟು ಡೈರೆಕ್ಟಾಗಿ ಸೃಷ್ಟಿ ಮಾಡೋಕಾಗಲ್ಲ. ಸಿಸ್ಟಮ್‌ನಲ್ಲಿ ಆ ಆಪ್ಶನ್ನೇ ಇಲ್ಲ. ಮಾಡಿದ್ಲು ಅಂದ್ರೆ ಅದು ಕಾಪಿ.”

“ಯಾರನ್ನ ನೋಡಿ ಕಾಪಿ ಹೊಡೆದ್ಳಪ್ಪ?” ಎಂದರು ನಾಗರತ್ನಾ.

“ಬೋರ್ಡ್ ನೋಡಿ, ಮ್ಯಾಮ್.”

“ಬೋರ್ಡಿರೋದು ನೋಡೋಕಲ್ವಾ?”

“ಅವಳ ಲೆವೆಲ್‌ಗೆ ಅಲ್ಲ.”

ಕಾಪಿ ಎಂದು ದಾಖಲಾದರೆ ವೈಷ್ಣವಿಗೆ ಮೆಟ್ಟಿಲೇ ಇಲ್ಲ. ವರ್ಷ ಮುಗಿಯುವವರೆಗೆ ಹೊರಗೆ ಚಪ್ಪಲಿ ಬಿಡುವ ಕಡೆ ಕೂರಬೇಕು. ದಾಖಲಾಗಲು ಪಾಠ ಮಾಡಿದವರ ಹೆಬ್ಬೆರಳಿನ ಗುರುತು ಬೇಕಿತ್ತು. ಟ್ಯಾಬ್ ಮೇಲಿನಿಂದ ಕೈದಾಟುತ್ತಾ ಇಳಿದು, ಅನ್ವಯದ ಮೆಟ್ಟಿಲ ಪಕ್ಕ ನಿಂತಿದ್ದ ನಾಗರತ್ನಾ ಅವರ ಬಳಿ ಬಂತು. ಬಂದದ್ದೇ ಜೇನಿನಂಥ ಹೆಣ್ಣುದನಿಯಲ್ಲಿ ನುಡಿಯಿತು: “ಪ್ರಿಯ ಶಿಕ್ಷಕರೇ, ನಿಮ್ಮ ಹೆಬ್ಬೆರಳಿಗಾಗಿ ಕಾಯುತ್ತಿದ್ದೇನೆ.”

ಕದ್ದು ಕಲಿತವನ ಹೆಬ್ಬೆರಳು ಕೇಳುವುದು ಈ ನೆಲದ ಗುರುಗಳ ಹಳೆಯ ಚಾಳಿ. ಈಗ ಗುರುವಿನ ಹೆಬ್ಬೆರಳನ್ನೇ ಕೇಳುತ್ತಿದ್ದರು, ಅಷ್ಟೇ ವ್ಯತ್ಯಾಸ.

“ಒತ್ರಿ ಮೇಡಂ, ಲಗೂನ,” ಎಂದರು ಗುರುಶಾಂತಪ್ಪನವರು. “ನಿಮ್ಮ ಗುತ್ತಿಗಿ ಕಾಗದಾನೂ ನನ್ನ ಟೇಬಲ್ ಮ್ಯಾಲೇ ಐತಿ, ನೆಪ್ಪಿರ್ಲಿ. ಏ ಹುಡುಗಿ, ಚೀಲ ತಗೋ, ಹೊರಗ ನಡಿ.”

ವೈಷ್ಣವಿ ಚೀಲ ಎತ್ತಿಕೊಂಡಳು. ಚೂರು ಆರಿಸಿದ ಬೆರಳಿಗೆ ಕರವಸ್ತ್ರ ಸುತ್ತಿತ್ತು. ಅವಳು ಅಳಲಿಲ್ಲ, ಮಿಸ್ಸಿನ ಮುಖವನ್ನೇ ನೋಡಿದಳು. ದಾರಿ ಮಾಡಿಕೊಟ್ಟರೆ ಬರುತ್ತೆ ಎಂದ ಬಾಯಿ ಈಗ ಏನು ಹೇಳುತ್ತದೋ ಎಂಬಂತೆ ನೋಡಿದಳು.

ನಾಗರತ್ನಾ ಸೀಮೆಸುಣ್ಣದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. ಟ್ಯಾಬನ್ನು ಅನ್ವಯದ ಮಕ್ಕಳ ಕೈಗಿತ್ತು, ಸೀರೆಯ ನೆರಿಗೆ ಎತ್ತಿ ಹಿಡಿದು ಒಂದೊಂದೇ ಹಂತ ಇಳಿದು, ನೆನಪಿನ ಮೆಟ್ಟಿಲಿಗೆ ಬಂದು ನಿಂತರು. ವೈಷ್ಣವಿಯ ಹೆಗಲಿಂದ ಚೀಲ ತೆಗೆದು ಕೆಳಗಿಟ್ಟು, ಅವಳ ಪಕ್ಕ ಜಾಗ ಮಾಡಿಕೊಂಡು ಕೂತರು. ಅಲ್ಲಿಂದ ನಿಜಕ್ಕೂ ಬೆನ್ನುಗಳ ಹೊರತು ಏನೂ ಕಾಣುತ್ತಿರಲಿಲ್ಲ.

“ಮೇಡಂ! ಒತ್ರಿ ಅಂದ್ರ ಕೆಳಗ ಹೋಗಿ ಕುಂತೀರಲ್ರೀ!”

“ಒತ್ತಲ್ಲ ಸಾರ್,” ಎಂದರು ನಾಗರತ್ನಾ. “ಅವಳು ಕಾಪಿ ಹೊಡ್ದಿಲ್ಲ. ನಾನು ಒತ್ತಲ್ಲ.”