ಕೈ ಕೊಟ್ಟ ನೀರುಗಂಟಿ

ನಮ್ಮೂರ ಪಂಚಾಯಿತಿ ಗ್ರಂಥಾಲಯಕ್ಕೆ ಬಂದವರು ಯಾವ ಕಾದಂಬರಿ ಓದಲಿ ಎಂದು ನನ್ನನ್ನು ಕೇಳುತ್ತಾರೆ. ನಾನು ಓದಿರುವುದು ಮೂರನೇ ಕ್ಲಾಸು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ದಿನಕ್ಕೆ ನಾಲ್ಕು ಪುಟ ದಾಟಿದರೆ ಹೆಚ್ಚು. ಆದರೂ ಹಳೇ ಕಾಲದ ಕತೆ ಎಂದರೆ ನನ್ನನ್ನೇ ಕೇಳುವುದು. ನಂದಗುಡಿ ಸೀಮೆಯ ಕೆರೆ, ಕೋಟೆ, ಪಾಳೆಗಾರರ ಸಂಗತಿಗಳನ್ನು ಅಜ್ಜಿ ಹೇಳಿದ್ದು ನನಗೆ ಇನ್ನೂ ಹಾಗೇ ನೆನಪಿದೆ.

ಹೊಸ ಪುಸ್ತಕ ಬಂದರೆ ಮೊದಲ ಮೂವತ್ತು ಪುಟ ಓದುತ್ತೇನೆ. ರಾಗಿ ತೆನೆ ಒಡೆಯುವ ತಿಂಗಳು ಸರಿಯಾಗಿದೆಯೇ, ಎತ್ತಿಗೆ ನೊಗ ಹೂಡುವುದು ಗೊತ್ತಿದೆಯೇ ನೋಡುತ್ತೇನೆ. ಒಂದು ಪುಸ್ತಕದಲ್ಲಿ ಸಾವಿರ ವರ್ಷದ ಹಿಂದಿನ ರಾಜನಿಗೆ ಟೊಮೇಟೊ ಸಾರು ಬಡಿಸಿದ್ದರು. ಅದನ್ನು ಬೀರುವಿನೊಳಕ್ಕೆ ತಳ್ಳಿದೆ. ಮನಸ್ಸಿಗೆ ಒಪ್ಪಿದ್ದನ್ನು ಬಾಗಿಲಿನ ಎದುರಿನ ಮೇಜಿನ ಮೇಲೆ ನಿಲ್ಲಿಸುತ್ತೇನೆ. ನಿಲ್ಲಿಸಿದ್ದನ್ನು ಜನ ತೆಗೆದುಕೊಂಡು ಹೋಗುತ್ತಾರೆ.

‘ಒಡೆಯದ ಏರಿ’ಯನ್ನು ಬಂದ ದಿನವೇ ನಿಲ್ಲಿಸಿಬಿಟ್ಟೆ. ಅದು ನಮ್ಮೂರಿನ ಕೆರೆಯ ಕತೆ. ಬರೆದ ರವಿಚಂದ್ರ ಹೋದ ವರ್ಷ ನಮ್ಮ ಜಗುಲಿಯಲ್ಲಿ ಎರಡು ದಿನ ಕೂತು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿದ್ದ. ಅಜ್ಜಿ ಹೇಳಿದ ಕತೆಯಲ್ಲಿ, ಪಾಳೆಗಾರನ ಕೋಟೆಗೆ ಮುತ್ತಿಗೆ ಹಾಕಿದವರು ಕೆರೆ ಬರಿದು ಮಾಡಲು ತೂಬಿನ ಗೂಟ ಕಿತ್ತರಂತೆ. ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿ ಮುನಿಗ ಕೆರೆಗೆ ಇಳಿದು, ನೀರು ನುಗ್ಗುವ ಕಂಡಿಗೆ ತನ್ನ ತೋಳನ್ನೇ ತುರುಕಿ ನಿಂತನಂತೆ. ಜನ ಕಲ್ಲು ಮಣ್ಣು ಹೊತ್ತು ತರುವಷ್ಟರಲ್ಲಿ ಅವನ ಉಸಿರು ಹೋಗಿತ್ತು. ಆವತ್ತಿನಿಂದ ಕೆರೆ ತುಂಬಿ ಗಂಗೆಪೂಜೆಯಾದಾಗ ಮೊದಲ ತಾಂಬೂಲ ಅವನ ಮನೆಗೆ. ಈಗ ಆ ಮನೆಗೆ ಹಿರಿಯಳು ಮುನಿತಾಯಮ್ಮ. ಆ ತಾಂಬೂಲ ಬಿಟ್ಟರೆ ಊರಿನಿಂದ ಅವರಿಗೆ ಬಂದದ್ದು ಬೇರೇನೂ ಇಲ್ಲ.

ಹದಿನೈದು ದಿನ ಕಳೆದಿತ್ತು. ನನ್ನ ಜೊತೆಯವನೇ ಆದ ಅಪ್ಪಯ್ಯಣ್ಣ ಪುಸ್ತಕ ವಾಪಸು ತಂದು ಮೇಜಿಗೆ ಕುಕ್ಕಿದ.

“ಲೇ ಪಿಳ್ಳ, ಪೂರ್ತಿ ಓದಿದ್ದೀಯೇನೋ ಇದ್ನ?”

“ಇಲ್ಲ ಕಣೋ. ಅರವತ್ತು ಪುಟ ಆಗೈತೆ.”

“ಓದ್ದೇನೇ ಊರಿಗೆಲ್ಲ ಹಂಚ್ಬಿಟ್ಟಾ? ಭೇಷ್. ಕಾಸು ಈಸ್ಕೊಂಡು ತೂಬು ಬಿಟ್ಟೋನೇ ಮುನಿಗ ಅಂತ ಐತಲ್ಲೋ! ಕೆರೆ ಉಳಿಸಿದ್ದು ಪಾಳೆಗಾರನ ಮಗನಂತೆ.”

ಕೊನೆಯ ಅಧ್ಯಾಯ ಓದಲು ನನಗೆ ನಾಲ್ಕು ದಿನ ಹಿಡಿಯಿತು. ಅಪ್ಪಯ್ಯಣ್ಣ ಹೇಳಿದ್ದು ನಿಜ. ಗ್ರಂಥಾಲಯ ನೋಡಿಕೊಳ್ಳುವ ನವ್ಯಶ್ರೀ ರವಿಚಂದ್ರನಿಗೆ ಫೋನು ಮಾಡಿಕೊಟ್ಟಳು.

“ತಾತ, ನೀವೇ ಹೇಳಿದ್ದು ಅದು,” ಎಂದ ಅವನು. “ನೋಟ್‌ಬುಕ್ಕಲ್ಲಿ ಹಾಗೇ ಇದೆ, ಕೇಳಿ. ‘ಅವ್ರು ತೂಬು ಕಿತ್ತಾಗ ಮುನಿಗ ಕೈ ಕೊಟ್ಟ. ಊರು ಅದನ್ನ ಇವತ್ತಿಗೂ ಮರ್ತಿಲ್ಲ.’”

“ಕೈ ಕೊಟ್ಟ ಅಂದ್ರೆ ಕೈ ಕೊಟ್ಟ ಕಣಪ್ಪ! ಮೂಟೆ ಎತ್ತೋವಾಗ ಒಂದು ಕೈ ಕೊಡು ಅನ್ನಲ್ವಾ?”

“ಅಯ್ಯೋ,” ಎಂದ ರವಿಚಂದ್ರ. “ನಾನು ಮೋಸ ಮಾಡ್ದ ಅಂತ ತಿಳ್ಕೊಂಡೆ.”

ಆ ಅರ್ಥವೂ ಇದೆ, ಇಲ್ಲವೆನ್ನಲಾರೆ. ನಾನು ಹೇಳುವಾಗ ತೋಳು ಚಾಚಿ ತೋರಿಸಿದ್ದೆ. ಅವನು ಬಗ್ಗಿ ಬರೆಯುತ್ತಿದ್ದ.

“ಈಗೇನಪ್ಪ ಮಾಡೋದು?”

“ಎರಡನೇ ಮುದ್ರಣದಲ್ಲಿ ತಿದ್ದುತೀನಿ ತಾತ, ಖಂಡಿತ.”

“ಅದು ಯಾವಾಗ?”

“ಈಗ ಇರೋ ಪ್ರತಿಗಳೆಲ್ಲ ಮುಗಿದ ಮೇಲೆ. ನೀವೂ ಇನ್ನೊಂದಷ್ಟು ಜನಕ್ಕೆ ಹೇಳಿ, ಬೇಗ ಮುಗಿಯುತ್ತೆ.”

ಹುಡುಗ ಕೆಟ್ಟವನಲ್ಲ. ತಾನು ಹೇಳಿದ್ದು ಏನೆಂದು ಅವನಿಗೆ ಹೊಳೆಯಲಿಲ್ಲ. ಸುಳ್ಳನ್ನು ತಿದ್ದಬೇಕಾದರೆ ಅದನ್ನು ನಾನು ಇನ್ನಷ್ಟು ಜನರಿಗೆ ಓದಿಸಬೇಕಿತ್ತು.

ಪುಸ್ತಕದೊಳಗೆ ಒಂದು ಚೀಟಿ ಅಂಟಿಸೋಣವೇ ಎಂದು ನವ್ಯಶ್ರೀಯನ್ನು ಕೇಳಿದೆ. “ಇಲ್ಲಿ ಅಂಟಿಸಿದ್ರೆ ಎರಡೇ ಪುಸ್ತಕ ತಾತ,” ಎಂದಳು. “ನೀವು ಚೆನ್ನಾಗಿದೆ ಅಂದಿದ್ದಕ್ಕೆ ಹುಡುಗ್ರೆಲ್ಲ ಸ್ವಂತಕ್ಕೆ ತರಿಸ್ಕೊಂಡವ್ರೆ.” ಆದರೂ ಅಂಟಿಸಿದಳು. ಬಂದವರಿಗೆಲ್ಲ ಕೊನೆಯ ಅಧ್ಯಾಯ ಹಾಗಲ್ಲ, ಹೀಗೆ ಎಂದು ನಾನೂ ಹೇಳುತ್ತಾ ಬಂದೆ. ಮುನಿಕೃಷ್ಣ ಎಂಬ ಕಾಲೇಜು ಹುಡುಗ ನಕ್ಕು ಪುಸ್ತಕದ ಮೊದಲ ಹಾಳೆ ತೆಗೆದು ತೋರಿಸಿದ. ‘ಈ ಇತಿಹಾಸವನ್ನು ಹೇಳಿದ ಹಿರಿಯರಾದ ಪಿಳ್ಳಣ್ಣನವರಿಗೆ ಕೃತಜ್ಞತೆ’ ಎಂದಿತ್ತು.

“ಆಗ ನಿಜ ಹೇಳ್ಬಿಟ್ಟು, ಈಗ ಅವ್ರ ಮನೆಯೋರು ಬಂದು ಬೈದ್ರು ಅಂತ ತಿರುಗಿಸ್ತಾ ಇದ್ದೀರಾ ತಾತ?”

ಮುನಿತಾಯಮ್ಮ ಬೈಯಲೇ ಇಲ್ಲ. ಮೊಮ್ಮಗಳು ಸಿಂಧು ಓದಿ ಹೇಳಿದ್ದಳಂತೆ. ಒಂದು ಮಧ್ಯಾಹ್ನ ಬಂದು ಬೆಂಚಿನ ಮೇಲೆ ಕೂತಳು.

“ಏನಂತ ಹೇಳಿದ್ದೆ ಪಿಳ್ಳಣ್ಣ ಅವ್ನಿಗೆ?”

“ಕೈ ಕೊಟ್ಟ ಅಂತ ಹೇಳ್ದೆ ಕಣಮ್ಮ.”

“ನಮ್ಮ ಮನೇಲೂ ಹಂಗೇ ಹೇಳೋದು.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಈ ಸಲ ತಾಂಬೂಲಕ್ಕೆ ನಾವು ಬರಲ್ಲ. ಬಸ್ಸಲ್ಲಿ ಸಿಂಧೂನ ‘ಕೈ ಕೊಟ್ಟೋರ ಮನೆ ಹುಡ್ಗಿ, ಹುಷಾರು’ ಅಂದ್ರಂತೆ. ಊರ ಮುಂದೆ ಹೆಸರು ಕೂಗಿದಾಗ ಯಾರಾದ್ರೂ ನಕ್ಕುಬಿಟ್ರೆ, ಆ ಮಗು ಎಲ್ಲಿ ಮುಖ ಇಟ್ಕೊಳ್ತದೆ?”

“ನಾನು ಮುಂದೆ ನಿಂತ್ಕೊಂಡು ಹೇಳ್ತೀನಿ, ಬಾರಮ್ಮ.”

“ಹೇಳು,” ಎಂದಳು. “ನಾವು ಮನೇಲಿರ್ತೀವಿ.”

ಕೆರೆ ಕೋಡಿ ಬಿದ್ದ ಎಂಟನೇ ದಿನಕ್ಕೆ ಗಂಗೆಪೂಜೆ ಆಯಿತು. ನಾನು ಏರಿಯ ಮೇಲೆ ನಿಂತು ತೋಳು ಚಾಚಿ ತೋರಿಸಿ, ಗೊತ್ತಿದ್ದಷ್ಟನ್ನೂ ಹೇಳಿದೆ. ವಯಸ್ಸಾದವರು ತಲೆಯಾಡಿಸಿದರು. ಹುಡುಗರು ಫೋನಿನಲ್ಲಿ ನನ್ನ ವಿಡಿಯೋ ತೆಗೆದರು. “ಬುಕ್ಕಲ್ಲಿ ಬೇರೆ ಥರ ಇದೆ,” ಎಂದು ಒಬ್ಬ ಪಕ್ಕದವನಿಗೆ ಹೇಳುವುದು ನನಗೂ ಕೇಳಿಸಿತು.

ಅಪ್ಪಯ್ಯಣ್ಣ ನೀರುಗಂಟಿ ಮನೆಯವರನ್ನು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ತಟ್ಟೆ ಹಿಡಿದು ನನ್ನ ಕಡೆ ನೋಡಿದ. ಪೂಜಾರಿ ಅವಸರ ಮಾಡಿದರು. ತಾಂಬೂಲ ಸರದಿಯಲ್ಲಿ ಮುಂದಿನ ಮನೆಯ ಜವರಪ್ಪನಿಗೆ ಹೋಯಿತು. ಅವನು ಎರಡೂ ಕೈ ಒಡ್ಡಿ ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಅವನದೇನೂ ತಪ್ಪಿಲ್ಲ.

ಊಟಕ್ಕೆ ಎಲೆ ಹಾಕಿದರು. ನಾನೂ ಸಾಲಿನಲ್ಲಿ ಕೂತೆ.