ಬೂದು ಬಣ್ಣದ ಕೋಣೆ

ಹಬ್ಬಕ್ಕೆಂದು ಗಿಳಿಹಸಿರು ಬಳಿಸಿದ ಗೋಡೆಗೆ ಬೂದು ಬಣ್ಣ ಹೊಡೆಯುತ್ತೇನೆ ಎಂದು ಬಾಡಿಗೆಯ ಹುಡುಗಿ ಕೇಳಿದರೆ ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ?

“ವಿಭೂತಿ ಹಣೆಗೆ ಹಚ್ಕೊಳ್ಳೋದು ಕಣೇ, ಗೋಡೆಗಲ್ಲ!” ಎಂದೆ.

ನಿವೇದಿತಾ ಬೊಮ್ಮನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಫೋಟೊ ತಿದ್ದುತ್ತಿದ್ದಳು. ಗಾರ್ಮೆಂಟ್ಸ್ ಕಂಪನಿಯೊಂದರ ಕ್ಯಾಟಲಾಗ್ ಅವಳ ಕೈಯಲ್ಲಿದ್ದ ಒಂದೇ ದೊಡ್ಡ ಕೆಲಸ. ಅವರ ಕೆನೆಬಣ್ಣದ ಫ್ರಾಕು ಇವಳ ಪ್ರಿಂಟಿನಲ್ಲಿ ಗುಲಾಬಿಯಾಗಿ ಬರುತ್ತಿತ್ತು. ಅಲ್ಲಿನ ಮ್ಯಾನೇಜರ್ ಸಂಗಮೇಶ್ ಎರಡು ಸಲ ವಾಪಸ್ ಕಳಿಸಿದ್ದರು. ಇನ್ನೊಮ್ಮೆ ತಪ್ಪಿದರೆ ಕೆಲಸ ಬೇರೆಯವರಿಗೆ, ಇವಳು ಗಂಟುಮೂಟೆ ಕಟ್ಟಿ ದಾವಣಗೆರೆಯ ಅಪ್ಪನ ಮನೆಗೆ.

“ಆಂಟಿ, ಆ ಹಸಿರು ಸ್ಕ್ರೀನ್ ಮೇಲೆ ಬಿದ್ದು ಫೋಟೊನೇ ಹಸಿರಾಗಿ ಕಾಣುತ್ತೆ. ಅದಕ್ಕೇ ನಂಗೇ ಗೊತ್ತಿಲ್ದಂಗೆ ಫೋಟೊಗೆ ಕೆಂಪು ಜಾಸ್ತಿ ಹಾಕ್ಬಿಡ್ತೀನಿ. ಗೋಡೆ ಬೂದು ಆದ್ರೆ ಆ ಕಾಟ ಇರಲ್ಲ.”

ಎಲಾ ಇವಳ! ತಪ್ಪು ನನ್ನ ಗೋಡೆಯದಂತೆ. ಆದರೂ ಅವಳ ಬಾಡಿದ ಮುಖ ನೋಡಲಾಗದೆ ಹೂಂ ಅಂದುಬಿಟ್ಟೆ.

ಭಾನುವಾರ ತಾನೇ ಬ್ರಷ್ ಹಿಡಿದಳು. ಕಿಟಕಿಗೆ ದಪ್ಪ ಕರಿಪರದೆ ಬಂತು. ಹಳದಿ ಬಲ್ಬು ಹೋಗಿ, ಹಗಲಿನ ಬೆಳಕಿನಂಥ ಟ್ಯೂಬ್‌ಲೈಟು ಮಾನಿಟರಿನ ಹಿಂದೆ ಸೇರಿತು. ಸ್ಕ್ರೀನಿಗೆ ಬೆಳಕು ಹೊಡೆಯದಂತೆ ಸುತ್ತ ಕಪ್ಪು ರಟ್ಟು ಅಂಟಿಸಿದಳು. ಕಾಫಿ ಕೊಡಲು ಹೋದರೆ, “ಬೇಜಾರ್ ಮಾಡ್ಕೋಬೇಡಿ ಆಂಟಿ, ನಿಮ್ ಸೀರೆ ಬಣ್ಣ ಸ್ಕ್ರೀನ್ ಮೇಲೆ ಬೀಳ್ತಿದೆ” ಎಂದು ನನ್ನ ಮನೆಯಲ್ಲಿ ನನ್ನನ್ನೇ ಹೊರಗೆ ಕಳಿಸಿದಳು! ಮೈಯೆಲ್ಲ ಉರಿದುಹೋಯಿತು. ಬಯ್ಯೋಣವೆಂದು ಬಾಗಿಲ ಸಂದಿಯಲ್ಲಿ ಇಣುಕಿದರೆ, ಹುಡುಗಿ ಅದೇ ಫ್ರಾಕಿನ ಮೇಲೆ ಕಣ್ಣು ನೆಟ್ಟು ಕೂತಿದ್ದಾಳೆ, ಕಾಫಿ ಆರಿ ತಣ್ಣಗಾಗಿದೆ. ಇಂಥ ಹಟ ನನಗೆ ಯಾವ ವಯಸ್ಸಿನಲ್ಲೂ ಇರಲಿಲ್ಲ.

ಮೂರನೇ ಸಲ ಸಂಗಮೇಶ್ ಫ್ರಾಕನ್ನೇ ಹಿಡಿದುಕೊಂಡು ಬಂದರು. ಪ್ರಿಂಟಿನ ಪಕ್ಕ ಇಟ್ಟು ಟ್ಯೂಬ್‌ಲೈಟಿನ ಕೆಳಗೆ ನೋಡಿದರು. ಸಾಲದೆ ಎರಡನ್ನೂ ಅಂಗಳದ ಬಿಸಿಲಿಗೆ ಒಯ್ದರು. ನಿವೇದಿತಾ ಉಗುರು ಕಚ್ಚುತ್ತಿದ್ದಳು. ನಾನೂ ಅವರ ಹಿಂದೆಯೇ ಅಂಗಳಕ್ಕಿಳಿದೆ.

“ಸಕ್ಕತ್ತಾಗಿದೆ ಮೇಡಂ, ಬಟ್ಟೆ ಇದ್ದಂಗೇ ಬಂದಿದೆ,” ಅಂದರು. “ಮುಂದಿನ ಕ್ಯಾಟಲಾಗೂ ನೀವೇ ಮಾಡ್ಕೊಡಿ.”

ಅವರು ಹೊರಟಿದ್ದೇ ತಡ, ನಮ್ಮ ನಡುಮನೆಗೆ ಓಡಿಬಂದು ದಾವಣಗೆರೆಗೆ ಫೋನ್ ಮಾಡಿದಳು. ಅಳು, ನಗು ಎರಡೂ ಒಟ್ಟಿಗೆ.

“ಅಪ್ಪಾ, ನಾನ್ ಬರಲ್ಲ. ನೀವೇ ಬನ್ನಿ, ನನ್ ಸ್ಟುಡಿಯೊ ನೋಡೋಕೆ!”

ನನ್ನ ಕೋಣೆಯನ್ನು ನನ್ನೆದುರೇ ತನ್ನದೆಂದಳು. ಇರಲಿ ಎಂದು ನಾನು ಅವಳಿಗೆ ಬಿಸಿ ಕಾಫಿ ಮಾಡಲು ಒಲೆ ಹಚ್ಚಿದೆ.