ಕೂಗದೆ ಬಿಟ್ಟ ಜಾಗ

ಭಾದ್ರಪದದ ಬಿಸಿಲು ಏರುವ ಹೊತ್ತಿಗೆ ಶಿದ್ರಾಮ ಎಂಟು ಕುರಿಗಳ ಉಣ್ಣೆ ಕತ್ತರಿಸಿ ಮುಗಿಸಿದ್ದ. ಒಂಬತ್ತನೆಯದನ್ನು ಅರ್ಧಕ್ಕೇ ಬಿಟ್ಟು, ಕತ್ತರಿಯನ್ನು ಕಂಬಳಿಯಲ್ಲಿ ಸುತ್ತಿಟ್ಟು ಗೋಕಾಕದ ಬಸ್ಸು ಹತ್ತಿದ. ತೀರಿಹೋದ ಅಣ್ಣನ ಮಗ ಮುತ್ತಪ್ಪನ ಫುಟ್‌ಬಾಲ್ ಮ್ಯಾಚು ಅವತ್ತು.

ಅವರೂರು ತುಕ್ಕಾನಟ್ಟಿಯ ಹುಡುಗರು ಮೊದಲೆಲ್ಲ ಚೆಂಡು ಎಲ್ಲಿದ್ದರೆ ಅಲ್ಲಿಗೆ ಜೇನುಹುಳುಗಳಂತೆ ಮುತ್ತುತ್ತಿದ್ದರು. ಆಟದ ಮಾಸ್ತರ ರಾವಸಾಹೇಬರು ಒಂದು ದಿನ ಕುರಿ ಕಾಯುವುದನ್ನು ನಿಂತು ನೋಡಿ, ಮರುದಿನ ಶಿದ್ರಾಮನನ್ನೇ ಮೈದಾನಕ್ಕೆ ಕರೆಸಿದ್ದರು.

“ನಮ್ಮದೇನ್ ದೊಡ್ಡ ವಿದ್ಯಾ ಅಲ್ರಿ ಮಾಸ್ತರ,” ಅಂದಿದ್ದ ಶಿದ್ರಾಮ. “ಕುರಿ ಬೆನ್ನ ಹತ್ತಿ ಓಡಬಾರ್ದು. ನಿನ್ನ ಪಾಲಿನ ಜಾಗಾ ನೀ ಕಾಯಿ. ಅದರಾಗ ಬಂದದ್ದು ನಿಂದು. ಬಾಜೂದವನ ಕಡೆ ಹೊಂಟ್ರ ‘ತಗೋ’ ಅಂತ ಕೂಗು. ಅವ ‘ಬಂತು’ ಅನ್ನೂತನಾ ಬಿಡಬ್ಯಾಡ. ಜಾಗಾ ಬಿಡೂದ ಬಂದ್ರೂ ಕೂಗಿ ಬಿಡು.”

“ಕುರಿ ಗೋಲ್ ಹೊಡಿಯೂದಿಲ್ಲಲ್ಲ ಕಾಕಾ!” ಅಂದಿದ್ದ ಹುಡುಗನೊಬ್ಬ.

“ನೀ ನಿಂತಂಗ ನಿಂತ್ರ ಕುರೀನೂ ಹೊಡೀತೈತಿ, ತಮ್ಮಾ.”

ಆ ಕೂಗನ್ನೇ ನಂಬಿ ಹುಡುಗರು ಮೂರು ಮ್ಯಾಚು ಗೆದ್ದಿದ್ದರು. ಗೋಕಾಕದಲ್ಲಿಯೂ ಎದುರಿನವರು ಇಬ್ಬಿಬ್ಬರು ಅಡ್ಡಡ್ಡ ಓಡಿ ಮೋಸಗೊಳಿಸಲು ನೋಡಿದರು. ಎಡಗಡೆಯ ಮುತ್ತಪ್ಪ, ನಡುವಿನ ಶ್ರೇಣಿಕ ಬೆನ್ನು ಹತ್ತಲಿಲ್ಲ. ‘ತಗೋ’, ‘ಬಂತು’ ಎಂದು ಎದುರಾಳಿಗಳನ್ನು ಒಬ್ಬರಿಗೊಬ್ಬರು ಒಪ್ಪಿಸಿದರು.

ಐದು ನಿಮಿಷ ಉಳಿದಾಗ ಶ್ರೇಣಿಕ ಗೋಲಿನ ಆಸೆಗೆ ಬಿದ್ದು ಮುಂದಕ್ಕೆ ಓಡಿದ. ಕೂಗಲಿಲ್ಲ. ನಡುವೆ ಬಯಲಾಯಿತು, ಚೆಂಡು ಅಲ್ಲಿಗೇ ಬಂತು. ಮುತ್ತಪ್ಪ ತನ್ನ ಜಾಗ ಬಿಟ್ಟು ಅಡ್ಡ ಬಿದ್ದ. ಚೆಂಡು ಅವನ ಮೊಣಕಾಲಿಗೆ ತಾಗಿ ತಮ್ಮದೇ ಗೋಲಿನೊಳಗೆ ಹೋಯಿತು.

“ನಿನ್ನಿಂದನ ಸೋತ್ವಿ, ಮುತ್ತಪ್ಪಾ!” ಆಟ ಮುಗಿದೊಡನೆ ಜೊತೆಯ ಹುಡುಗರು ಅವನ ಮೇಲೆ ಬಿದ್ದರು.

“ಜಾಗಾ ಬಿಟ್ಟು ಕಾಲುವಿಗೆ ಬಿದ್ದವನ ಮಗ. ಮತ್ತೇನ್ ಮಾಡ್ಯಾನು?” ಅಂದ ಊರಿನವನೊಬ್ಬ.

ಆ ಮಾತು ಶಿದ್ರಾಮನಿಗೂ ಕೇಳಿಸಿತು. ಒಂಬತ್ತು ವರ್ಷದ ಹಿಂದೆ, ಗೋವಿನಜೋಳಕ್ಕೆ ನುಗ್ಗಿದ ಟಗರಿನ ಹಿಂದೆ ಅವನು ಕೂಗದೆ ಓಡಿದ್ದ. ಅವನು ಬಿಟ್ಟ ಜಾಗದಿಂದಲೇ ಕುರಿಗಳು ಕಾಲುವೆಗೆ ಇಳಿದಿದ್ದವು. ಅಣ್ಣ ಅಪ್ಪಣ್ಣ ಆಚೆಯಿಂದ ಓಡಿಬಂದು ನೀರಿಗೆ ಹಾರಿದ, ಮೇಲೆ ಬರಲಿಲ್ಲ. ಊರು ಕೇಳಿದಾಗ ಶಿದ್ರಾಮ, “ಅಣ್ಣನ ಕಡಿಂದ ಇಳದ್ವು,” ಅಂದುಬಿಟ್ಟಿದ್ದ.

“ಅವಗ್ಯಾಕ ಬೈತೀರಿ?” ಶ್ರೇಣಿಕ ಎಲ್ಲರ ನಡುವೆ ಬಂದು ನಿಂತ. “ನಾ ಕೂಗಲಿಲ್ಲ. ತಪ್ಪು ನಂದು.”

ಬಸ್ಸಿನಲ್ಲಿ ಮುತ್ತಪ್ಪ ಶಿದ್ರಾಮನ ಪಕ್ಕಕ್ಕೆ ಬಂದು ಕುಳಿತ. ಆಮೇಲೆ ಕೇಳಿದ: “ಕಾಕಾ, ನಮ್ಮಪ್ಪನೂ ಸುಮ್ಮಸುಮ್ಮನ ಜಾಗಾ ಬಿಟ್ಟಿರಲಿಕ್ಕಿಲ್ಲ, ಹೌದಿಲ್ಲೋ? ಬಾಜೂದವ ಯಾರೋ ಕೂಗದ ಬಿಟ್ಟಿರಬೇಕು.”

“ಮನೀಗಿ ನಡಿ. ನಿಮ್ಮವ್ವನ ಮುಂದನ ಹೇಳ್ತೀನಿ.”

ಮನೆಯಲ್ಲಿ ಮುತ್ತಪ್ಪನ ತಾಯಿ ದುಂಡವ್ವ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನು ಮಗನಿಂದ ಕೇಳಿ, “ತಪ್ಪ ಒಪ್ಪಿಕೊಳ್ಳಾಕ ಎದಿ ಬೇಕು. ಆ ಶ್ರೇಣಿಕ ಪುಣ್ಯವಂತ್ರ ಮಗ,” ಅಂದಳು.

“ಅತ್ತಿಗಿ...” ಅಂದ ಶಿದ್ರಾಮ.

“ಏನೋ?”

ಮುತ್ತಪ್ಪ ತಟ್ಟೆ ಬಿಟ್ಟು ಅವನನ್ನೇ ನೋಡುತ್ತಿದ್ದ. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಇಳಿಯಿತು.

“ಒಂದು ಕುರಿ ಅರ್ಧಕ್ಕ ಬಿಟ್ಟ ಹೋಗಿದ್ನಿ. ಬೆಳಕಿರೂದ್ರಾಗ ಮುಗಸ್ತೀನಿ.”

ಶಿದ್ರಾಮ ಕಂಬಳಿ ಬಿಚ್ಚಿ ಕತ್ತರಿ ತೆಗೆದುಕೊಂಡು ಹಿತ್ತಲಿಗೆ ಹೋದ. ಉಣ್ಣೆ ಕತ್ತರಿಸುವಾಗೆಲ್ಲ ಕುರಿಯ ಕಾಲು ಹಿಡಿಯಲು ಬರುತ್ತಿದ್ದ ಮುತ್ತಪ್ಪ ಕುಳಿತಲ್ಲಿಂದ ಏಳಲಿಲ್ಲ.